ಎಡತೋಳಿನ ಹೊಲಿಗೆ

ಹೇಳಬೇಕಾದದ್ದು ಮೂರೇ ವಾಕ್ಯ. ನಾನು ದೊಡ್ಡವರ ಹಿಂದೆ ನಿಂತಿದ್ದೆ. ಆಕೆ ದೊಡ್ಡವರ ಕೋಟಿನ ತೋಳನ್ನು ಬಲವಾಗಿ ಹಿಡಿದು ಎಳೆದಳು. ದೊಡ್ಡವರು ಮೆಟ್ಟಿಲ ಮೇಲೆ ಬಿದ್ದರು. ಮೊದಲನೆಯದೂ ಮೂರನೆಯದೂ ನಿಜ, ಎರಡನೆಯದು ಸುಳ್ಳು. ಆದರೆ ಎಂಟು ತಿಂಗಳಿಂದ ಮೂರನ್ನೂ ಒಟ್ಟಿಗೆ ಹೇಳಿ ಹೇಳಿ ಈಗ ಅವು ಒಂದೇ ಉಸಿರಿನಲ್ಲಿ ಬಾಯಿಗೆ ಬರುತ್ತಿದ್ದವು, ಬಿಡಿಸಿ ಬೇರೆ ಮಾಡಲು ಆಗುತ್ತಿರಲಿಲ್ಲ. ಕನ್ನಡಿಯ ಮುಂದೆ ಗಡ್ಡ ಹೆರೆಯುತ್ತಾ ಅವನು ಮತ್ತೊಮ್ಮೆ ಹೇಳಿಕೊಂಡ. ಎರಡನೆಯ ವಾಕ್ಯಕ್ಕೆ ಬಂದಾಗ ಗದ್ದದ ಕೆಳಗೆ ಬ್ಲೇಡು ತಾಗಿತು. ಇದನ್ನೇ ಅಪಶಕುನವೆಂದು ಹಿಡಿದುಕೊಂಡು ಮನೆಯಲ್ಲೇ ಕೂತುಬಿಡುವ ಅವಕಾಶ ಯಾರಿಗಾದರೂ ಇದ್ದೀತು, ತನಗಿಲ್ಲ, ಅನ್ನಿಸಿತು. ತುಸು ಹತ್ತಿ ಅಂಟಿಸಿಕೊಂಡ. ಸಮವಸ್ತ್ರದ ಅಂಗಿ ಕುರ್ಚಿಯ ಬೆನ್ನಿಗೆ ನೇತಾಡುತ್ತಿತ್ತು. ಅದರ ಜೇಬಿನಲ್ಲಿ ದೊಡ್ಡವರ ಪೆನ್ನು ಇರಲಿಲ್ಲ. ಹೋದ ಎಂಟು ತಿಂಗಳಿಂದ ದೊಡ್ಡವರು ಬುಧವಾರ ಜನರ ಅಹವಾಲು ಕೇಳುವುದು ನಿಂತಿತ್ತು, ಪೆನ್ನು ಹಿಡಿದು ಹಿಂದೆ ನಡೆಯುವ ಕೆಲಸವೂ ನಿಂತಿತ್ತು. ಹೆಸರು ಮಾತ್ರ ಉಳಿದುಕೊಂಡಿತ್ತು: ದೊಡ್ಡವರು ಇರುವ ಆ ದೊಡ್ಡ ಕಟ್ಟಡದಲ್ಲಿ ಅಡುಗೆಯವನಿಂದ ಹಿಡಿದು ಕಾರ್ಯದರ್ಶಿಯವರೆಗೆ ಎಲ್ಲರಿಗೂ ಅವನು ಪೆನ್ನಪ್ಪ.

"ನಿನ್ನೆ ನಿದ್ದೇಲಿ ಮತ್ತೆ ನನ್ನ ತೋಳು ಎಳೆದ್ರಿ," ಎಂದಳು ಹೆಂಡತಿ, ತಟ್ಟೆ ಇಡುತ್ತಾ. "ಎರಡು ಸಲ. ಆಮೇಲೆ ಏನೋ ಗೊಣಗಿದ್ರಿ."

"ಏನು ಗೊಣಗಿದೆ?"

"ಫೋನಂತೆ. ನಮ್ಮನೇಲಿ ಯಾರಿಗೆ ಫೋನ್ ಬರುತ್ತೆ ಸ್ವಾಮಿ? ನಿಮ್ಮ ತಂಗಿ ಬಿಟ್ರೆ ಯಾರೂ ಇಲ್ಲ, ಅವಳು ಮಾಡಿದ್ರೂ ಬೈಯೋಕೇ ಮಾಡ್ತಾಳೆ." ನಕ್ಕಳು. ಆಮೇಲೆ ನಗು ನಿಲ್ಲಿಸಿ, ಅವನ ಮುಖ ನೋಡದೆ, "ನೀವೇನೂ ಸುಳ್ಳು ಹೇಳ್ತಿಲ್ಲ. ಬರ್ಕೊಟ್ಟಿದ್ದನ್ನ ಒಪ್ಪಿಸಿ ಬರ್ತೀರ ಅಷ್ಟೆ. ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು. ಕಣ್ಣು ಮುಚ್ಚಿ ಕಳೆದುಬಿಡಿ," ಎಂದಳು. ಹಾಗಾದರೆ ಇವಳಿಗೆ ಗೊತ್ತು. ಯಾವಾಗಿನಿಂದ ಗೊತ್ತು? ಅವನು ಹೇಳಿರಲಿಲ್ಲ, ಅವಳು ಕೇಳಿರಲಿಲ್ಲ. ದೊಡ್ಡವರು ಬಿದ್ದ ದಿನ ಮಧ್ಯಾಹ್ನ ಮನೆಗೆ ಬಂದವನು ಕೈ ತೊಳೆದ, ಊಟಕ್ಕೆ ಕೂರುವ ಮೊದಲು ಮತ್ತೆ ತೊಳೆದ, ಎದ್ದ ಮೇಲೆ ಮತ್ತೆ ತೊಳೆದ. ಇಪ್ಪತ್ತಾರು ವರ್ಷ ಜೊತೆಗೆ ಬಾಳಿದವಳಿಗೆ ಅಷ್ಟು ಸಾಕಾಗಿರಬೇಕು.

ನ್ಯಾಯಾಲಯಕ್ಕೆ ಅರ್ಧ ಗಂಟೆಯ ದಾರಿ. ಬಸ್ಸಿನಲ್ಲಿ ಸೀಟು ಸಿಕ್ಕಿತು, ಅದೊಂದೇ ಆವತ್ತಿನ ಸುಖ. ಕಾಲು ಚಾಚಿ ಕೂತ. ಕಾಲೇ ತಾನೆ ಎಲ್ಲದಕ್ಕೂ ಕಾರಣ, ಎಂದುಕೊಂಡ. ಎಂಟು ತಿಂಗಳ ಹಿಂದಿನ ಆ ಬುಧವಾರ ಬೆಳಗ್ಗೆಯಿಂದ ಹಿಮ್ಮಡಿ ನೋಯುತ್ತಿತ್ತು. ವರಾಂಡದ ಉದ್ದಕ್ಕೂ ಅರ್ಜಿದಾರರು, ಒಬ್ಬರ ಹಿಂದೆ ಒಬ್ಬರು, ನಲವತ್ತಕ್ಕೂ ಹೆಚ್ಚು. ದೊಡ್ಡವರು ಪ್ರತಿಯೊಬ್ಬರ ಮುಂದೆ ನಿಂತು ತಲೆ ಬಾಗಿಸಿ ಕೇಳುತ್ತಿದ್ದರು, ಇವನು ಒಂದು ಹೆಜ್ಜೆ ಹಿಂದೆ, ಎಡಕ್ಕೆ, ತಟ್ಟೆ ಮತ್ತು ಪೆನ್ನು ಹಿಡಿದು. ಅರ್ಜಿ ತಟ್ಟೆಗೆ ಬಂದರೆ ಮಾತು ಮುಗಿಯಿತು ಎಂದು ಲೆಕ್ಕ. ಕೆಲವರಿಗೆ ಮುಗಿಯುವುದಿಲ್ಲ. ಅರ್ಜಿ ಕೊಟ್ಟ ಮೇಲೂ ಅಳುತ್ತಾರೆ, ಹಳೆಯದೆಲ್ಲ ತೆಗೆಯುತ್ತಾರೆ, ಆ ನಾಡಿನ ಅತಿ ಎತ್ತರದ ಕುರ್ಚಿಯಲ್ಲಿ ಕೂರುವವರು ತಮ್ಮ ಎದುರಿಗೇ ನಿಂತಿರುವಾಗ ಬಿಟ್ಟುಕೊಡಲು ಅವರಿಗೆ ಮನಸ್ಸು ಬಾರದು. ಅಂಥ ಹೊತ್ತಿಗೆ ಒಂದು ಉಪಾಯವಿತ್ತು. ದೊಡ್ಡವರು ಎಡಗೈಯನ್ನು ಬೆನ್ನ ಹಿಂದೆ ತಂದು ಹೆಬ್ಬೆರಳನ್ನು ಅಂಗೈಯೊಳಗೆ ಮಡಚುತ್ತಾರೆ. ಅದನ್ನು ಕಂಡ ಕೂಡಲೇ ಇವನು ಎರಡು ಬೆರಳಿನಲ್ಲಿ ಅವರ ಎಡ ಮೊಣಕೈಯ ಹಿಂದಿನ ಬಟ್ಟೆ ಹಿಡಿದು, ಮೆಲ್ಲಗೆ, ಎರಡು ಸಲ ಎಳೆದು, ಸಾರ್, ಫೋನ್ ಬಂದಿದೆ, ಎನ್ನುತ್ತಾನೆ. ದೊಡ್ಡವರು ಬೇಸರಪಟ್ಟುಕೊಂಡವರಂತೆ ಕೈ ಮುಗಿದು ಒಳಗೆ ನಡೆಯುತ್ತಾರೆ. ಯಾವ ಫೋನೂ ಇರುವುದಿಲ್ಲ. ಒಂಬತ್ತು ವರ್ಷದಲ್ಲಿ ಮೂವರು ದೊಡ್ಡವರು ಬಂದರು. ಈ ಮೂರನೆಯವರಿಗೂ ಮೊದಲ ಬುಧವಾರವೇ ಇವನೇ ಹೇಳಿಕೊಟ್ಟಿದ್ದ. ಅವರು ಸಂಕೋಚದಿಂದ, "ಜನಕ್ಕೆ ಮೋಸ ಅಲ್ವೇನಪ್ಪಾ ಇದು?" ಎಂದು ಕೇಳಿದ್ದರು. "ಬೇಜಾರು ಮಾಡದೆ ಕಳಿಸೋ ದಾರಿ ಸಾರ್," ಎಂದಿದ್ದ ಇವನು, ಹೆಮ್ಮೆಯಿಂದಲೇ. ತಾನು ಆ ಮನೆಗೆ ಕೊಟ್ಟ ಒಂದೇ ಒಂದು ವಿದ್ಯೆ ಅದು.

ಆಕೆ ವರಾಂಡದ ತುದಿಯ ಮೆಟ್ಟಿಲುಗಳಲ್ಲಿ, ದೊಡ್ಡವರಿಗಿಂತ ಒಂದು ಮೆಟ್ಟಿಲು ಕೆಳಗೆ ನಿಂತಿದ್ದಳು. ಐವತ್ತರ ಆಸುಪಾಸು, ಬಟ್ಟೆ ಹೊಲಿಯುವವಳು ಎಂದು ಆಮೇಲೆ ಗೊತ್ತಾಯಿತು. ತಮ್ಮನನ್ನು ತಾನೇ ಸಾಕಿ ದೊಡ್ಡವನನ್ನಾಗಿ ಮಾಡಿದವಳು. ಅವನು ಒಂದು ಹೊಡೆದಾಟದಲ್ಲಿ ಸಿಕ್ಕಿಕೊಂಡು ಹದಿಮೂರು ವರ್ಷದಿಂದ ಜೈಲಿನಲ್ಲಿದ್ದ. ಉಳಿದ ಶಿಕ್ಷೆಯನ್ನು ಮನ್ನಾ ಮಾಡಬಹುದೆಂದು ಕೆಳಗಿನವರೆಲ್ಲ ಬರೆದು, ಕಡತ ಮೇಲೆ ಬಂದು, ಸಹಿಯೊಂದು ಬಾಕಿ ಉಳಿದು ಒಂದು ವರ್ಷವಾಗಿತ್ತು. ಆಕೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿದ್ದ ಕಾಗದಗಳನ್ನು ಎದೆಗೆ ಒತ್ತಿ ಹಿಡಿದಿದ್ದಳು. ಹತ್ತು ಬೆರಳೂ ಆ ಕವರಿನ ಮೇಲೆ. ಇವನು ಎಣಿಸಲಿಲ್ಲ ನಿಜ, ಆದರೆ ಈಗಲೂ ಕಣ್ಣು ಮುಚ್ಚಿದರೆ ಹತ್ತೂ ಕಾಣುತ್ತವೆ, ಬಲಗೈಯ ತೋರುಬೆರಳಿನ ತುದಿಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಒರಟಾದ ಚರ್ಮ ಕೂಡ. "ನೀವು ಸಹಿ ಹಾಕದೆ ಒಳಗೆ ಹೋಗಬೇಡಿ ಸ್ವಾಮಿ," ಎಂದಳು. ಅದನ್ನು ಅವಳು ಹೇಳಿದ್ದು ಹೌದು. ವರಾಂಡದಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಹೆಬ್ಬೆರಳು ಮಡಚಿಕೊಂಡಿತು. ಇವನು ಎಳೆದ. ದೊಡ್ಡವರು ಅಲುಗಲಿಲ್ಲ. ಅವರು ತುಸು ಮುಂದೆ ಬಾಗಿದ್ದರು, ಆಕೆಯ ಮಾತು ಕೇಳಿಸದೆ ಬಾಗಿದ್ದರೋ, ಕೇಳಿಸಿಯೇ ಬಾಗಿದ್ದರೋ. ಮಡಚಿದ ಹೆಬ್ಬೆರಳು ಅಷ್ಟರಲ್ಲಿ ಬಿಚ್ಚಿಕೊಂಡಿತ್ತೆ? ಅದೊಂದು ಅವನಿಗೆ ನೆನಪಾಗುವುದಿಲ್ಲ. ಬಿಚ್ಚಿಕೊಂಡಿದ್ದರೆ ಅವರು ಹೂಂ ಅನ್ನುವವರಿದ್ದರು. ಇವನು ನೋಡಲಿಲ್ಲ. ಹಿಮ್ಮಡಿ ಉರಿಯುತ್ತಿತ್ತು, ಇನ್ನೂ ನಾಲ್ಕು ಜನ ಬಾಕಿ ಇದ್ದರು, ಈ ಹೆಂಗಸು ಮೆಟ್ಟಿಲು ಬಿಡುತ್ತಿಲ್ಲ, ಇವರು ಕದಲುತ್ತಿಲ್ಲ ಎಂದು ಅವನಿಗೆ ರೇಗಿತ್ತು. ಇಡೀ ಮುಷ್ಟಿಯಲ್ಲಿ ತೋಳು ಹಿಡಿದು ಜಗ್ಗಿದ.

ಕೋಟಿನ ತೋಳು ಭುಜದ ಹೊಲಿಗೆಯಿಂದ ಕಿತ್ತು ಬಂತು. ದೊಡ್ಡವರು ಮೆಟ್ಟಿಲ ಮೇಲೆ ಕುಕ್ಕರಿಸಿ ಕೂತರು. ತೋಳು ಮಣಿಕಟ್ಟಿನ ತನಕ ಜಾರಿ, ಒಳಗಿನ ಬಿಳಿ ಅಸ್ತರು ಹೊರಗೆ ಬಂದು ನೇತಾಡಿತು. ಸಾಲಿನಲ್ಲಿ ಯಾರೋ ಒಬ್ಬರು ಹೆಹ್ ಎಂದು ನಕ್ಕರು. ಇವನಿಗೂ ನಗು ಬಂದಿತ್ತು. ತಡೆದುಕೊಂಡ, ಆದರೆ ಬಂದದ್ದು ಹೌದು. ಎಳೆದದ್ದಕ್ಕಿಂತ ಹೆಚ್ಚಾಗಿ ಒಮ್ಮೊಮ್ಮೆ ಅದೇ ಅವನನ್ನು ಚುಚ್ಚುತ್ತದೆ. ದೊಡ್ಡವರು ತಲೆ ತಿರುಗಿಸಿ, ಕೆಳಗಿನಿಂದ, ಇವನ ಮುಖ ನೋಡಿದರು. ಅಷ್ಟರಲ್ಲಿ ಭದ್ರತಾ ಅಧಿಕಾರಿ, "ಹಿಡೀರಿ ಆಕೆನ್ನ!" ಎಂದು ಕೂಗಿದ. ನಾಲ್ಕು ಕೈಗಳು ಬಂದು ಆಕೆಯನ್ನು ಹಿಡಿದವು, ಪ್ಲಾಸ್ಟಿಕ್ ಕವರು ಆಗ ಬಿತ್ತು, ಮೊದಲಲ್ಲ. ಆ ಕೂಗು ಕೇಳಿದಾಗ ತನಗಾದದ್ದು ನೆಮ್ಮದಿ. ಹೀಗೆಂದು ಯಾರಿಗೂ ಹೇಳಲು ಸಾಧ್ಯವಿಲ್ಲ. ಬಸ್ಸು ಎಲ್ಲೋ ನಿಂತು ಮುಂದೆ ಸಾಗಿತು. ತನ್ನ ನಿಲ್ದಾಣ ದಾಟಿದೆಯೋ ಎಂದು ಗಾಬರಿಯಾಗಿ ಎದ್ದ, ದಾಟಿರಲಿಲ್ಲ, ಆದರೆ ಎದ್ದ ಸೀಟಿನಲ್ಲಿ ಬೇರೆಯವರು ಕೂತಾಗಿತ್ತು.

ಸರ್ಕಾರಿ ವಕೀಲರು ಕಾರಿಡಾರಿನಲ್ಲೇ ಹಿಡಿದರು. ದುಂಡು ಮೈ, ಮಾತಿಗೆ ಮೊದಲೇ ನಗುವವರು. "ಬಾ ಪೆನ್ನಪ್ಪಾ, ಬಾ. ಭಯ ಬೇಡ. ನೋಡು, ಆಕೆ ಸಹಿ ಹಾಕಿ ಅಂದದ್ದು ಬರೀ ಮಾತು. ದಿನಾ ಸಾವಿರ ಜನ ಅಂತಾರೆ. ಮಾತಿಗೆ ಕೈ ಸೇರಿದರೆ ಮಾತ್ರ ಸೆಕ್ಷನ್. ಇಂಥ ದೊಡ್ಡ ಸ್ಥಾನದಲ್ಲಿ ಇರೋರನ್ನ ಬಲ ಪ್ರಯೋಗಿಸಿ, ಹೆದರಿಸಿ, ಅವರ ಅಧಿಕಾರದ ಕೆಲಸ ಮಾಡಿಸೋಕೆ ಅಥವಾ ತಪ್ಪಿಸೋಕೆ ನೋಡಿದ್ರೆ ಏಳು ವರ್ಷದವರೆಗೆ ಜೈಲು. ಕೈ ನೀನು ನೋಡಿದೀಯ. ಅಷ್ಟು ಹೇಳು ಸಾಕು." ಅವನು ತಲೆಯಾಡಿಸಿದ. ಆಮೇಲೆ, ಎಂದೂ ಕೇಳದವನು, ಕೇಳಿದ: "ಆ ಕಡತ ಏನಾಗುತ್ತೆ ಸಾರ್? ಆಕೆ ತಮ್ಮನದು?" ದಿನವೂ ಬೆಳಗ್ಗೆ ದೊಡ್ಡವರ ಮೇಜು ಒರೆಸುವಾಗ ಎಡ ಅಂಚಿನಲ್ಲಿ ಅದು ಇರುತ್ತದೆ, ಎತ್ತಿ ಒರೆಸಿ ಮತ್ತೆ ಇಡುತ್ತಾನೆ. ವಕೀಲರು ಹುಬ್ಬೇರಿಸಿದರು. "ಅದಾ? ಈಗ ಹೇಗೆ ಸಹಿ ಹಾಕ್ತಾರೆ? ಹಾಕಿದ್ರೆ ಹೆದರಿ ಹಾಕಿದ ಹಾಗಾಗುತ್ತಲ್ಲ. ಆಕೆಗೆ ಶಿಕ್ಷೆ ಆಯ್ತು ಅನ್ನು, ಆಮೇಲೆ ಅದನ್ನ ಮುಟ್ಟೋರೇ ಇರಲ್ಲ." ಒಳ್ಳೆಯ ಮನುಷ್ಯರೇ, ಅದನ್ನೂ ನಗುತ್ತಲೇ ಹೇಳಿದರು. ದೊಡ್ಡವರ ಇಚ್ಛೆಯನ್ನು ಕಾಯಲು ಇರುವ ಕಾನೂನು, ಈಗ ಅವರಿಗೆ ಇಚ್ಛೆಯೇ ಇಲ್ಲದಂತೆ ಮಾಡಿತ್ತು. ಇದು ಅವನಿಗೆ ಅರ್ಥವಾಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಸುಸ್ತಾಯಿತು. ಬೆಂಚಿನ ಮೇಲೆ ಕೂತ.

ಘಟನೆಯಾದ ಮಾರನೆಯ ದಿನ ದೊಡ್ಡವರು ಕರೆಸಿದ್ದರು. ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರು. "ನಿನಗೇನೂ ಏಟಾಗಲಿಲ್ಲ ತಾನೆ?" ಎಂದರು. ಬಿದ್ದವರು ಅವರು, ಕೇಳಿದ್ದು ಇವನನ್ನು. "ಇಲ್ಲ ಸಾರ್." ಅವರು ತಿರುಗಲಿಲ್ಲ. ಕೈಗಳು ಬೆನ್ನ ಹಿಂದಿದ್ದವು. ಹೆಬ್ಬೆರಳು ಮಡಚುತ್ತದೆಯೋ ಎಂದು ಇವನು ಕಾದ, ಮಡಚಿದ್ದರೆ ಏನು ಮಾಡುವುದೆಂದು ಗೊತ್ತಿರಲಿಲ್ಲ. "ಭದ್ರತೆಯವರು ಎಲ್ಲಾ ಬರೆದುಕೊಂಡಿದ್ದಾರಂತೆ. ಅವರು ನೋಡ್ಕೋತಾರೆ ಬಿಡು," ಎಂದರು ಕೊನೆಗೆ. ಸುಳ್ಳು ಹೇಳು ಅನ್ನಲಿಲ್ಲ. ನಿಜ ಹೇಳಬೇಡ ಅಂತಲೂ ಅನ್ನಲಿಲ್ಲ. ಒಬ್ಬ ನೌಕರ ಎಳೆದು ಕೆಡವಿದ ಎಂದರೆ ಊರೆಲ್ಲ ನಗುತ್ತದೆ, ಒಬ್ಬ ಹೆಂಗಸು ಮೈಮೇಲೆ ಬಿದ್ದಳು ಎಂದರೆ ಕಾನೂನು ಎದ್ದು ನಿಲ್ಲುತ್ತದೆ. ಇಬ್ಬರೂ ಅದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಬೇರೆ ಬೇರೆ ಬಾಗಿಲಿನಿಂದ ಹೊರಗೆ ಹೋದರು.

"ಇಲ್ಲಿ ಕೂರಬಹುದಾ?"

ಆಕೆ. ಜಾಮೀನಿನ ಮೇಲೆ ಹೊರಗಿದ್ದಳು. ಬೇರೆ ಬೆಂಚುಗಳೆಲ್ಲ ತುಂಬಿದ್ದವು. ಸ್ವಲ್ಪ ಸರಿದ. ಆಕೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಎಂಟು ತಿಂಗಳಲ್ಲಿ ಕೂದಲು ಇನ್ನಷ್ಟು ನೆರೆತಿತ್ತು. ಸಾಕ್ಷಿಯೂ ಆರೋಪಿಯೂ ಮಾತಾಡಬಾರದು ಎಂದು ಅವನಿಗೆ ಯಾರೋ ಹೇಳಿದ್ದರು. ಆಕೆಗೆ ಯಾರೂ ಹೇಳಿರಲಿಲ್ಲವೇನೋ.

"ಒಳಗೆ ಆ ಕೋಟು ನೋಡಿದೆ ಅಣ್ಣಾ," ಎಂದಳು, ಪಕ್ಕದ ಮನೆಯವರೊಡನೆ ಮಾತಾಡುವಂತೆ. "ಚೀಟಿ ಕಟ್ಟಿ ಇಟ್ಟಿದಾರೆ. ನೀಲಿ ಕೋಟಿಗೆ ಯಾರೋ ಕಪ್ಪು ದಾರದಲ್ಲಿ ಹೊಲ್ದಿದಾರೆ. ಅದೂ ಒಂದೆಳೆ. ಭುಜಕ್ಕೆ ಯಾವಾಗಲೂ ಎರಡೆಳೆ ಹಾಕ್ಬೇಕು, ಎಳೆತ ಎಲ್ಲಾ ಅಲ್ಲೇ ಬೀಳೋದು. ಯಾರು ಹೊಲ್ದದ್ದು?"

"ನಾನೇ," ಎಂದ. ಆ ಬುಧವಾರದ ಹಿಂದಿನ ಸಂಜೆ. ದೊಡ್ಡವರಿಗೆ ಹೊಸ ಕೋಟು ಹಿಡಿಸದು, ಹಳೆಯದರ ಭುಜ ನಾಲ್ಕು ಬೆರಳಿನಷ್ಟು ಬಿಟ್ಟಿತ್ತು, ನೀಲಿ ದಾರ ಸಿಗಲಿಲ್ಲ.

"ಅಂದ್ಕೊಂಡೆ. ಗಂಡಸರ ಹೊಲಿಗೆ." ಬೈಗುಳವಲ್ಲ, ಸಣ್ಣ ತಮಾಷೆ. ಆಮೇಲೆ ಧ್ವನಿ ತಗ್ಗಿಸಿದಳು. "ಅಣ್ಣಾ, ನೀವು ಹತ್ತಿರದಲ್ಲೇ ಇದ್ರಿ. ನಾನು ಹಿಡಿದೆನಾ?" ಆಕೆ ಉತ್ತರಕ್ಕೆ ಕಾಯಲಿಲ್ಲ. "ಮೊದಮೊದಲು ಇಲ್ಲ ಇಲ್ಲ ಅಂತ ಹಟ ಮಾಡ್ತಿದ್ದೆ. ಈಗ ಗೊತ್ತಾಗ್ತಿಲ್ಲ. ಅಷ್ಟು ಜನ ಹೇಳ್ತಿದಾರಲ್ಲ, ಆರು ಜನ ಬರ್ಕೊಟ್ಟಿದಾರಂತೆ. ನನಗೆ ಆವತ್ತು ತಲೆ ನೆಟ್ಟಗಿರ್ಲಿಲ್ಲ. ತಮ್ಮನ ಮೇಲಿನ ಆಸೇಲಿ ಕೈ ಹಾಕಿದ್ರೂ ಹಾಕಿರ್ಬಹುದು. ಹೋದ ತಿಂಗಳು ಅವನನ್ನ ನೋಡೋಕೆ ಹೋದಾಗ ಹೇಳ್ದೆ, ನನ್ನ ಕೈಯಿಂದಲೇ ನಿನ್ನ ಬಿಡುಗಡೆ ಹಾಳಾಯ್ತು ಕಣೋ ಅಂತ. ಅವನು ಹೋಗ್ಲಿ ಬಿಡಕ್ಕಾ ಅಂದ. ಒಪ್ಕೊಂಡ್ಬಿಡ್ತೀನಿ ಅಂತ ವಕೀಲರಿಗೂ ಹೇಳಿದೀನಿ. ಸಾಕಾಗಿದೆ." ಅವಳು ಅಳಲಿಲ್ಲ. ಅತ್ತಿದ್ದರೆ ಅವನು ಎದ್ದು ಹೋಗಬಹುದಿತ್ತು. ಆ ಬೆಂಚಿನಲ್ಲಿ ಅವಳ ಪಕ್ಕ ಕೂತಿದ್ದಾಗ ಅವನಿಗೆ ತನ್ನ ಬಗ್ಗೆ ಹೇಸಿಗೆಯಾಯಿತು. ಸುಳ್ಳು ಹೇಳುತ್ತೇನೆ ಎಂಬುದಕ್ಕೆ ಮನಸ್ಸು ಎಂದೋ ಒಗ್ಗಿಹೋಗಿತ್ತು. ಅದನ್ನು ಈಕೆ ನಂಬಿಬಿಡುತ್ತಾಳೆ ಎಂದು ಅವನು ಎಣಿಸಿರಲಿಲ್ಲ. ಬಾಯಿ ತೆರೆದ. ಅಷ್ಟರಲ್ಲಿ ಒಳಗಿನಿಂದ ಅವನ ಹೆಸರು ಕೂಗಿದರು, ಅಪ್ಪ ಅಮ್ಮ ಇಟ್ಟ ಹೆಸರು. ಯಾರೋ ಬೇರೆಯವರನ್ನು ಕರೆದಂತೆ ಕೇಳಿಸಿತು.

ಕಟಕಟೆ ಅವನು ಅಂದುಕೊಂಡದ್ದಕ್ಕಿಂತ ಚಿಕ್ಕದು. ಹಿಡಿದುಕೊಳ್ಳುವ ಮರದ ಅಂಚು ಬೇರೆಯವರ ಅಂಗೈಗಳಿಂದ ನುಣುಪಾಗಿತ್ತು. ಪ್ರಮಾಣ ಮಾಡಿದ. ನ್ಯಾಯಾಧೀಶರಿಗೆ ನೆಗಡಿ, ಆಗಾಗ ಮೂಗು ಒರೆಸಿಕೊಳ್ಳುತ್ತಿದ್ದರು. ಸರ್ಕಾರಿ ವಕೀಲರು ಕೇಳಿದ್ದಕ್ಕೆಲ್ಲ ಉತ್ತರಿಸಿದ: ಎಷ್ಟು ವರ್ಷದ ಸೇವೆ, ಎಲ್ಲಿ ನಿಂತಿದ್ದೆ, ಆಕೆ ಏನೆಂದಳು. ನಾನು ದೊಡ್ಡವರ ಹಿಂದೆ ನಿಂತಿದ್ದೆ. ಆಕೆ ದೊಡ್ಡವರ ಕೋಟಿನ ತೋಳನ್ನು ಬಲವಾಗಿ ಹಿಡಿದು ಎಳೆದಳು. ದೊಡ್ಡವರು ಮೆಟ್ಟಿಲ ಮೇಲೆ ಬಿದ್ದರು. ಎಷ್ಟು ಸಲೀಸಾಗಿ ಬಂತು. ಕಾರಿಡಾರಿನಲ್ಲಿ ತೆರೆದ ಬಾಯಿ ಇದೇನಾ? ತನ್ನ ಧ್ವನಿ ತನಗೇ ಕೇಳಿಸಿತು, ಪಾಠ ಒಪ್ಪಿಸುವ ಧ್ವನಿ. ಆಕೆ ಎದುರಿಗೆ ನಿಂತು ತಲೆಯಾಡಿಸುತ್ತಿದ್ದಳು, ಹೌದು ಹಾಗೇ ಇರಬೇಕು ಎನ್ನುವಂತೆ. ಮುಗಿಯಿತು, ಇನ್ನು ಇಳಿಯಬಹುದು, ಮನೆಗೆ ಹೋಗಿ ಕಾಲು ಚಾಚಬಹುದು.

ಆದರೆ ಸರ್ಕಾರಿ ವಕೀಲರಿಗೆ ಅಷ್ಟಕ್ಕೇ ತೃಪ್ತಿಯಾಗಲಿಲ್ಲ. ಕೆಲಸ ಚೆನ್ನಾಗಿ ನಡೆಯುತ್ತಿದೆ ಅನ್ನಿಸಿದಾಗ ಇನ್ನೂ ಚೆನ್ನಾಗಿ ಮಾಡಲು ಹೋಗುವ ಹುಮ್ಮಸ್ಸು ಅವರದು. ಮೇಜಿನ ಮೇಲಿನ ಕೋಟನ್ನು ಅಪ್ಪಣೆ ಪಡೆದು ಎತ್ತಿದರು, ತಮ್ಮ ಕರಿ ಕೋಟಿನ ಮೇಲೆಯೇ ಹೊದ್ದುಕೊಂಡರು. ಕಿತ್ತ ತೋಳನ್ನು ಪಿನ್ನು ಹಾಕಿ ಸೇರಿಸಿದ್ದರು, ಚೀಟಿ ಗುಂಡಿಯಿಂದ ತೂಗುತ್ತಿತ್ತು. "ನಾನೇ ದೊಡ್ಡವರು ಅಂದ್ಕೊಳ್ಳಿ. ಇಳಿದು ಬನ್ನಿ. ಆಕೆ ಹೇಗೆ ಎಳೆದಳು, ನ್ಯಾಯಾಲಯಕ್ಕೆ ತೋರಿಸಿ." ಅವನು ಇಳಿದ. ಎದುರಿಗೆ ಹೋಗಿ ನಿಲ್ಲಬೇಕಿತ್ತು, ಆಕೆ ನಿಂತ ಜಾಗದಲ್ಲಿ. ಕಾಲುಗಳು ಸುತ್ತು ಹಾಕಿ ಒಂದು ಹೆಜ್ಜೆ ಹಿಂದೆ, ಎಡಕ್ಕೆ ಹೋಗಿ ನಿಂತವು. ಎಲ್ಲರೂ ನೋಡುತ್ತಿದ್ದರು. ವಕೀಲರು ನ್ಯಾಯಾಧೀಶರ ಕಡೆ ಮುಖ ಮಾಡಿ ಏನೋ ವಿವರಿಸುತ್ತಾ ತಮ್ಮ ಎಂದಿನ ರೂಢಿಯಂತೆ ಕೈಗಳನ್ನು ಬೆನ್ನ ಹಿಂದೆ ತಂದರು. ಆ ನೀಲಿ ತೋಳು. ಅದರ ತುದಿಯಲ್ಲಿ ಅಂಗೈ. ಅಂಗೈಯೊಳಗೆ, ಯಾವ ಅರ್ಥವೂ ಇಲ್ಲದೆ, ಹೆಬ್ಬೆರಳು ಮಡಚಿಕೊಂಡಿತು.

ಎರಡು ಬೆರಳು ಮೊಣಕೈಯ ಹಿಂದಿನ ಬಟ್ಟೆ ಹಿಡಿದವು. ಮೆಲ್ಲಗೆ, ಎರಡು ಸಲ ಎಳೆದವು. "ಸಾರ್, ಫೋನ್ ಬಂದಿದೆ," ಎಂದ ಪೆನ್ನಪ್ಪ.

ಹಿಂದಿನ ಸಾಲಿನಲ್ಲಿ ಯಾರೋ ಹೆಹ್ ಎಂದರು. ವಕೀಲರು ಜೇಬು ಮುಟ್ಟಿಕೊಂಡು, "ಯಾರದು?" ಎಂದುಬಿಟ್ಟರು, ಆಮೇಲೆ ಅವರ ಮುಖ ಕೆಂಪಾಯಿತು. ನ್ಯಾಯಾಧೀಶರು ಕರವಸ್ತ್ರ ಕೆಳಗಿಟ್ಟು ಮುಂದೆ ಬಾಗಿದರು. "ಯಾವ ಫೋನು?"

"ಸಾಕ್ಷಿ ದಣಿದಿದ್ದಾರೆ ಮಹಾಸ್ವಾಮಿ, ವಯಸ್ಸಾಗಿದೆ," ಎಂದರು ಸರ್ಕಾರಿ ವಕೀಲರು.

ದಣಿದದ್ದು ನಿಜ. ಆ ಮಾತನ್ನು ಹಿಡಿದುಕೊಂಡು ಈಗಲೂ ದಡ ಸೇರಬಹುದಿತ್ತು, ತಲೆ ಸುತ್ತುತ್ತಿದೆ ಎಂದು ಕಟಕಟೆಯ ಅಂಚು ಹಿಡಿದರೆ ನೀರು ತಂದುಕೊಡುತ್ತಿದ್ದರು. ಹದಿನಾಲ್ಕು ತಿಂಗಳು ನೆನಪಾಯಿತು. ಕೈ ತೊಳೆಯುವಾಗ ಹಿಂದೆ ನಿಂತು ನೋಡುತ್ತಿದ್ದ ಹೆಂಡತಿ ನೆನಪಾದಳು. ಅವನ ಬೆರಳುಗಳು ಇನ್ನೂ ಆ ತೋಳನ್ನು ಬಿಟ್ಟಿರಲಿಲ್ಲ, ಭುಜದಿಂದ ಜೋತುಬಿದ್ದ ಒರಟಾದ ಕಪ್ಪು ದಾರದ ತುದಿ ತಾಗುತ್ತಿತ್ತು. ಇಷ್ಟು ದಿನ ಇದನ್ನು ಹೊತ್ತುಕೊಂಡು ನಡೆದದ್ದಕ್ಕಿಂತ ಕೆಳಗಿಡುವುದು ಸುಲಭ ಅನ್ನಿಸಿತು, ಧೈರ್ಯದಿಂದಲ್ಲ, ಸಾಕಾಗಿ.

"ಫೋನ್ ಇರ್ಲಿಲ್ಲ ಸ್ವಾಮಿ. ಯಾವತ್ತೂ ಇರ್ಲಿಲ್ಲ. ಜನರಿಂದ ಬಿಡಿಸ್ಕೊಳ್ಳೋಕೆ ನಾವು ಹಾಗೆ ಮಾಡ್ತಿದ್ವಿ. ಆವತ್ತು ನನಗೆ ಸಿಟ್ಟು ಬಂದಿತ್ತು, ಜೋರಾಗಿ ಎಳೆದೆ. ಹೊಲಿಗೆ ಹಾಕಿದ್ದೂ ನಾನೇ, ಕಿತ್ತದ್ದೂ ನಾನೇ. ಆಕೆ ಕೈಯಲ್ಲಿ ಕವರಿತ್ತು. ಎರಡೂ ಕೈಯಲ್ಲಿ."

ಕೋಣೆಯಲ್ಲಿ ಒಮ್ಮೆಗೇ ಮಾತುಗಳೆದ್ದವು. ಆಕೆಯ ವಕೀಲ ಎದ್ದು ನಿಂತು ಏನೋ ಹೇಳುತ್ತಿದ್ದ, ಭದ್ರತಾ ಅಧಿಕಾರಿ ಬಾಗಿಲಿನ ಕಡೆ ಹೊರಟಿದ್ದ, ಸರ್ಕಾರಿ ವಕೀಲರು ಕೋಟು ಕಳಚಲು ಹೋಗಿ ಪಿನ್ನು ಚುಚ್ಚಿಸಿಕೊಂಡರು. ಪೆನ್ನಪ್ಪ ಆಕೆಯನ್ನು ನೋಡಿದ. ಬೈದರೆ ಬೈಯಲಿ, ಕೈ ಮುಗಿದರೆ ಮಾತ್ರ ತಡೆಯಲಾಗದು, ಎಂದುಕೊಂಡ. ಆಕೆ ಎರಡೂ ಮಾಡಲಿಲ್ಲ, ಅವನ ಕಡೆ ತಿರುಗಲೂ ಇಲ್ಲ. ತನ್ನ ಎರಡು ಕೈಗಳನ್ನೂ ಮುಂದೆ ಚಾಚಿ, ಮಗುಚಿ, ಮತ್ತೆ ಮಗುಚಿ ನೋಡುತ್ತಿದ್ದಳು.

"ಎಂಟು ತಿಂಗಳಿಂದ," ಎಂದಳು, ಯಾರಿಗೂ ಅಲ್ಲದೆ, "ಇವುಗಳನ್ನ ಎಷ್ಟು ಬೈದೆ ನಾನು."